ಆದರೆ ಎನ್ನುವಷ್ಟರಲ್ಲಿ

ನನ್ನ ತಮ್ಮ ಕೋಸಿಮನಿಗೆ ‘ಇಲ್ಲ’ ಎಂದು ಹೇಳಲು ಬರುವುದಿಲ್ಲ. ನಮ್ಮ ಊರು ಮಾರ್ಗಿಲಾನಿನಲ್ಲಿ ಯಾರಿಗೂ ಬರುವುದಿಲ್ಲ ಎನ್ನಿ. ಉಳಿದವರು ಸುತ್ತಿ ಬಳಸಿಯಾದರೂ ಹೇಳಬೇಕಾದ ಜಾಗಕ್ಕೆ ಬಂದು ಮುಟ್ಟುತ್ತಾರೆ; ಇವನು ಅರ್ಧ ದಾರಿಯಲ್ಲಿ ಯಾರದೋ ಜಗಲಿಯ ಮೇಲೆ ಚಹಾ ಕುಡಿಯುತ್ತ ಕೂತುಬಿಡುತ್ತಾನೆ. ಸಣ್ಣವನಿದ್ದಾಗ ಪಕ್ಕದ ಮನೆಯವರು ಬಲವಂತ ಮಾಡಿದರೆಂದು ಮೂರು ಸಲ ಊಟ ಮಾಡಿ, ಮನೆಗೆ ಬಂದು ಅಮ್ಮ ಬಡಿಸಿದ್ದನ್ನೂ ತಿಂದು, ರಾತ್ರಿಯಿಡೀ ವಾಂತಿ ಮಾಡಿಕೊಂಡವನು. ಅಂಥವನ ಮಗಳು ಮಸ್ತುರಾಳನ್ನು ಕೇಳಿಕೊಂಡು ಜನ ಬಂದಾಗ ನಾನು ಹೆದರಿದ್ದು ಇದೇ ಕಾರಣಕ್ಕೆ.

ಹೆಣ್ಣು ಕೇಳಲು ಬಂದವರಿಗೆ ಕೊಡುವುದಿಲ್ಲವೆಂದು ಮುಖಕ್ಕೆ ಹೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮೊದಲು ಅವರ ಮನೆತನವನ್ನು ಹೊಗಳಬೇಕು. ಆಮೇಲೆ ಹುಡುಗನನ್ನು, ಅವನ ಅಪ್ಪನನ್ನು, ಸತ್ತುಹೋದ ಅಜ್ಜನನ್ನು, ಅಜ್ಜನ ಕುದುರೆಯನ್ನೂ ಬಿಡದೆ ಹೊಗಳಬೇಕು. ಎಲ್ಲ ಮುಗಿದ ಮೇಲೆ ‘ಆದರೆ ನಮ್ಮ ಹುಡುಗಿ ಇನ್ನೂ ಚಿಕ್ಕವಳು’ ಎನ್ನಬೇಕು. ಹುಡುಗಿಗೆ ಮೂವತ್ತು ದಾಟಿದ್ದರೂ ಇದೇ ಮಾತು. ಆ ‘ಆದರೆ’ ಬಾಯಿಂದ ಬಿದ್ದ ಕೂಡಲೇ ಬಂದವರಿಗೆ ಅರ್ಥವಾಗುತ್ತದೆ. ನಗುನಗುತ್ತಲೇ ಎದ್ದು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾರೆ. ಯಾರಿಗೂ ನೋವಿಲ್ಲ, ಯಾರಿಗೂ ಅವಮಾನವಿಲ್ಲ.

ಹುಡುಗ ದಿಲ್ಮುರಾದ್ ಕೆಟ್ಟವನೇನಲ್ಲ. ಅವನನ್ನು ನೋಡಿ ಬರಲು ಮಸ್ತುರಾ ಒಂದು ಸಂಜೆ ಉದ್ಯಾನಕ್ಕೆ ಹೋಗಿದ್ದಳು. ಅವಳು ನನ್ನ ಜೊತೆ ರೇಷ್ಮೆ ಕಾರ್ಖಾನೆಯಲ್ಲಿ ಎಳೆಗಳಿಗೆ ಬಣ್ಣ ಕಟ್ಟುವವಳು, ನಾನು ಮಗ್ಗದವಳು; ಇರುವುದೂ ತಮ್ಮನ ಮನೆಯಲ್ಲೇ. ಮಾರನೆಯ ದಿನ ಕೆಲಸದ ನಡುವೆ ಹೇಗಿದ್ದ ಎಂದು ಕೇಳಿದೆ.

“ಕರ್ಬೂಜ ಇಷ್ಟಾನಾ ಅಂತ ಕೇಳ್ದೆ ಅತ್ತೆ. ‘ನಮ್ಮಮ್ಮ ಹೇಳ್ತಾರೆ, ಕರ್ಬೂಜ ತಿಂದ್ರೆ ಹೊಟ್ಟೆ ಉಬ್ಬರ್ಸುತ್ತೆ’ ಅಂದ. ನಿಮ್ಗೆ ಇಷ್ಟಾನಾ ಅಂದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಅಮ್ಮನ್ನ ಕೇಳಿ ಹೇಳ್ತೀನಿ ಅಂದ.”

ನಾನು ನಕ್ಕೆ. ಅವಳು ನಗಲಿಲ್ಲ. ಇವನ ಜೊತೆ ಬದುಕಿದರೆ ತಾನು ಅವನ ಅಮ್ಮನ ಜೊತೆ ಬದುಕಿದ ಹಾಗೆ, ತನಗೆ ಬೇಡ ಎಂದಳು. ಕೋಸಿಮನಿಗೂ ಹೇಳಿದಳು. ಕೋಸಿಮ್ ಮಗಳ ಮಾತಿಗೆ ತಲೆಯಾಡಿಸಿದ. ಅವನು ಎಲ್ಲರ ಮಾತಿಗೂ ತಲೆಯಾಡಿಸುವವನೇ. ಈ ಸಲ ಮನಸ್ಸಿಟ್ಟು ಆಡಿಸಿದ ಎಂದು ಅವನ ಹೆಂಡತಿ ಖಾಲಿದಾ ನನಗೆ ಭರವಸೆ ಕೊಟ್ಟಳು.

ಶುಕ್ರವಾರ ಹುಡುಗನ ಕಡೆಯವರು ಉತ್ತರ ಕೇಳಲು ಬಂದರು. ಹುಡುಗನ ಅಪ್ಪ ಇಲ್ಲದ್ದರಿಂದ ಚಿಕ್ಕಪ್ಪ ನಬೀಜಾನನೇ ಮುಂದಾಳು. ಗಂಡಸರೆಲ್ಲ ಜಗಲಿಯಲ್ಲಿ ಹಾಸಿದ ಊಟದ ಬಟ್ಟೆ, ದಸ್ತರ್ಖಾನಿನ ಸುತ್ತ ಕೂತರು. ನಾವು ಹೆಂಗಸರು ಒಳಗೆ, ಕಿಟಕಿಯ ಪರದೆಯ ಹಿಂದೆ. ಆ ಪರದೆ ನಾನೇ ನೇಯ್ದದ್ದು, ಎಲ್ಲಿ ತೆಳ್ಳಗಿದೆ ಎಂದು ನನಗೆ ಗೊತ್ತಿತ್ತು.

ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಮಾಮಸೋಲಿ ಬುವಾ ಕೂತಿದ್ದರು. ನಮ್ಮ ಮೊಹಲ್ಲಾಕ್ಕೆಲ್ಲ ಅವರೇ ಅಜ್ಜ, ಎಲ್ಲರಿಗಿಂತ ಹಿರಿಯರು. ಅವರ ಅಂಗೈ ಇಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ. ಹಿರಿಯರು ಎದೆಯ ಮುಂದೆ ಎರಡೂ ಅಂಗೈ ತೆರೆದರೆ ಅದು ಫಾತಿಹಾ. ಕೂತವರೆಲ್ಲ ಅಂಗೈ ತೆರೆಯಬೇಕು, ಹಿರಿಯರು ಹರಸುತ್ತಾರೆ, ಎಲ್ಲರೂ ಆಮೀನ್ ಎಂದು ಮುಖ ಸವರಿಕೊಳ್ಳುತ್ತಾರೆ. ಅಲ್ಲಿಗೆ ಆಗ ನಡೆಯುತ್ತಿದ್ದ ಮಾತು ಮುಗಿದುಹೋಯಿತು, ಅದರ ಮೇಲೆ ಯಾವ ಕೋರ್ಟಿಗೂ ಹೋಗುವ ಹಾಗಿಲ್ಲ.

ಕೋಸಿಮ್ ಹೊಗಳಲು ಶುರು ಮಾಡಿದ. ಚೆನ್ನಾಗಿಯೇ ಹೊಗಳಿದ, ಅದರಲ್ಲಿ ಅವನು ಪಳಗಿದವನು. ಇಂಥ ಮನೆತನ ಸಿಗಲು ನಸೀಬಿರಬೇಕು, ದಿಲ್ಮುರಾದನಂಥ ಹುಡುಗ ಮಾರ್ಗಿಲಾನಿನಲ್ಲಿ ಇನ್ನೊಬ್ಬನಿಲ್ಲ, ನೀವು ನಮ್ಮ ಹೊಸ್ತಿಲು ತುಳಿದದ್ದೇ ನಮಗೆ ದೊಡ್ಡದು, ಎಂದೆಲ್ಲ ಹೇಳಿ ಒಂದು ಗುಟುಕು ಚಹಾ ಕುಡಿದು ಉಸಿರೆಳೆದುಕೊಂಡ. ಈಗ ‘ಆದರೆ’ ಬರುತ್ತದೆಂದು ನಾನು ಮಸ್ತುರಾಳ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಮಾಮಸೋಲಿ ಬುವಾ ಎರಡೂ ಅಂಗೈ ತೆರೆದರು.

ನಾನು ನೋಡುತ್ತಿದ್ದೆ. ಅವರು ಪ್ರಾರ್ಥನೆಗೆ ತೆರೆದದ್ದಲ್ಲ. ಮೆಟ್ಟಿಲು ಹತ್ತುವಾಗ ಕೋಸಿಮ್ ಹೊಸದಾಗಿ ಹಾಕಿಸಿದ ಮರದ ಕಟಕಟೆ ಹಿಡಿದು ಬಂದಿದ್ದರು. ಎರಡೂ ಅಂಗೈಯಲ್ಲಿ ಸಿಬಿರು ಹೊಕ್ಕಿತ್ತು. ಆಗಿನಿಂದ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ಹತ್ತಿರದ್ದು ಅವರ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಎರಡೂ ಕೈ ದೂರ ಹಿಡಿದು ಎಲ್ಲೆಲ್ಲಿ ಹೊಕ್ಕಿದೆ ಎಂದು ಹುಡುಕುತ್ತಿದ್ದರು. ಎದುರಿಗಿದ್ದ ನಬೀಜಾನ್ ಅದನ್ನು ಕಂಡು ಥಟ್ಟನೆ ಅಂಗೈ ತೆರೆದ. ಅವನ ಪಕ್ಕದವನು ತೆರೆದ. ಕ್ಷೌರದಂಗಡಿಯ ಯೋಕುಬ್ ಬಾಯಲ್ಲಿದ್ದ ಒಣದ್ರಾಕ್ಷಿ ನುಂಗದೆಯೇ ತೆರೆದ. ಕೊನೆಗೆ ನನ್ನ ತಮ್ಮ, ‘ಆ’ ಎನ್ನಲು ತೆರೆದ ಬಾಯನ್ನು ಮುಚ್ಚಿಕೊಂಡು, ತಾನೂ ಅಂಗೈ ತೆರೆದ.

ಬುವಾ ತಲೆಯೆತ್ತಿ ನೋಡಿದರೆ ಜಗಲಿ ತುಂಬ ತೆರೆದ ಅಂಗೈಗಳು, ಎಲ್ಲರೂ ತಮ್ಮನ್ನೇ ಕಾಯುತ್ತಿದ್ದಾರೆ. ಅವರೇನು ಮಾಡಿಯಾರು, ಹರಸಿದರು. ಇಬ್ಬರೂ ಒಂದು ತಲೆದಿಂಬಿನ ಮೇಲೆ ಮುದುಕರಾಗಲಿ, ಅಂಗಳ ತುಂಬ ಮಕ್ಕಳಾಗಲಿ. ಆಮೀನ್. ನಬೀಜಾನ್ ಕೂಡಲೇ ರೊಟ್ಟಿ ಮುರಿದ. ಆ ರೊಟ್ಟಿಯ ಚೂರುಗಳು ಸಂಜೆಯೊಳಗೆ ಮನೆಮನೆಗೆ ಹೋಗಿ, ಮಸ್ತುರಾಳ ಮದುವೆ ಗೊತ್ತಾಯಿತೆಂದು ಮೊಹಲ್ಲಾಕ್ಕೆಲ್ಲ ತಿಳಿಯಿತು. ಅವಳು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಮಾರನೆಯ ದಿನದಿಂದ ನಾನು ಒಬ್ಬೊಬ್ಬರನ್ನೇ ಹಿಡಿದುಕೊಂಡೆ. ನೀನು ಯಾಕೆ ಕೈ ತೆರೆದೆ ಎಂದು ತಮ್ಮನನ್ನು ಕೇಳಿದರೆ, ಎಲ್ಲರೂ ತೆರೆದರಲ್ಲ ಅಕ್ಕ ಎಂದ. ಯೋಕುಬನನ್ನು ಕೇಳಿದರೆ, ಹುಡುಗಿಯ ಅಪ್ಪನೇ ತೆರೆದ ಮೇಲೆ ನಾನು ಯಾವ ಲೆಕ್ಕ ಎಂದ. ಕೋಸಿಮ್ ನಿನಗಿಂತ ಆಮೇಲೆ ತೆರೆದದ್ದು ಎಂದೆ. ಹಾಗಾದರೆ ಅವನು ತೆರೆಯುತ್ತಾನೆಂದು ನನಗೆ ಮೊದಲೇ ಗೊತ್ತಿತ್ತು ಎಂದ. ನಬೀಜಾನನ ಮನೆಗೂ ಹೋದೆ. ಬುವಾ ಸುಮ್ಮಸುಮ್ಮನೆ ಅಂಗೈ ತೆರೆಯುತ್ತಾರೆಯೇ ಎಂದು ಅವನು ನನ್ನನ್ನೇ ಕೇಳಿದ. ಕೊನೆಗೆ ಬುವಾನ ಮನೆಗೇ ಹೋದೆ. ಅವರು ದ್ರಾಕ್ಷಿ ಚಪ್ಪರದ ಕೆಳಗೆ ಒಬ್ಬರೇ ಕೂತಿದ್ದರು.

“ಬುವಾ, ಆವತ್ತು ಕೈ ತೆರೆದದ್ದು ಯಾಕೆ?”

“ಸಿಬಿರು ಹೊಕ್ಕಿತ್ತು ಕಣಮ್ಮ. ನಿನ್ನ ತಮ್ಮ ಆ ಕಟಕಟೆನ ಸರಿಯಾಗಿ ಉಜ್ಜಿಸಿಲ್ಲ.”

“ಮತ್ತೆ ಹರಸಿದ್ದು ಯಾಕೆ?”

“ತಲೆ ಎತ್ತಿ ನೋಡ್ತೀನಿ, ಎಲ್ರೂ ಕೈ ತೆರ್ಕೊಂಡು ಕೂತಿದಾರೆ. ಮಾತು ಮುಗೀತು, ಒಪ್ಕೊಂಡಿದಾರೆ ಅಂದ್ಕೊಂಡೆ. ಅಷ್ಟು ಜನಾನ ಬರಿಗೈಲಿ ಕೂರ್ಸೋಕಾಗುತ್ತಾ?”

“ಹಾಗಾದ್ರೆ ಬನ್ನಿ, ಇದನ್ನೇ ಅವ್ರ ಮುಂದೆ ಹೇಳಿ. ಹುಡುಗಿ ಬದುಕು ಬುವಾ.”

ಅವರು ಮತ್ತೆ ಅಂಗೈ ಸವರಿಕೊಂಡರು. ಮನುಷ್ಯ ಕಟುಕನಲ್ಲ, ಅವರ ಮುಖದಲ್ಲಿ ಸಂಕಟ ಕಾಣುತ್ತಿತ್ತು.

“ಹೇಳ್ಬೋದು. ಹೇಳಿದ್ರೆ ನಾಳೆ ಯೋಕುಬ್ ಬರ್ತಾನೆ, ನನ್ನ ಮದ್ವೆ ದಿನ ಯಾವ ಸಿಬಿರು ಹೊಕ್ಕಿತ್ತು ಬುವಾ ಅಂತ ಕೇಳ್ತಾನೆ. ಈ ಮೊಹಲ್ಲಾದಲ್ಲಿ ಅರ್ಧ ಮದ್ವೆ ನನ್ನ ಕೈಯಿಂದ್ಲೇ ಆಗಿರೋದು. ಯಾವ್ದು ಹರಕೆ, ಯಾವ್ದು ಸಿಬಿರು ಅಂತ ಈ ವಯಸ್ಸಲ್ಲಿ ಹೆಕ್ತಾ ಕೂರ್ಲಾ?”

ನನ್ನ ಮದುವೆಯೂ ಅವರ ಕೈಯಿಂದಲೇ ಆದದ್ದು. ತೀರಿಕೊಂಡ ನನ್ನ ಗಂಡನನ್ನು ನೆನೆದು ನನಗೂ ಒಂದು ಅನುಮಾನ ಹುಟ್ಟಿತು. ಅದನ್ನು ಕೇಳುವ ಧೈರ್ಯವಾಗದೆ ಎದ್ದು ಬಂದೆ.

ಇಷ್ಟರಲ್ಲಿ ಹುಡುಗನ ಅಮ್ಮ ತನ್ನ ಕೆಲಸ ಮಾಡಿದ್ದಳು. ಬುವಾ ಆ ದಿನ ಸುಮ್ಮನೆ ಹರಸಲಿಲ್ಲ, ಮೊದಲು ಅಂಗೈಯನ್ನೇ ದಿಟ್ಟಿಸಿ ನೋಡಿದರು, ಅಲ್ಲಿ ಇಬ್ಬರ ಹಣೆಬರಹವೂ ಅವರಿಗೆ ಕಂಡಿತು, ಆಮೇಲೆ ಹರಸಿದರು ಎಂದು ಕಂಡಕಂಡವರಿಗೆ ಹೇಳಿಕೊಂಡು ಬಂದಳು. ನೋಡಿದ್ದು ನಿಜ, ಕೂತವರೆಲ್ಲ ಕಂಡಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಇಷ್ಟು ಸಾಕು. ವಾರದೊಳಗೆ ಬುವಾನ ಬಾಗಿಲಲ್ಲಿ ಹೆಣ್ಣುಮಕ್ಕಳ ತಾಯಂದಿರು ಬಂದು ಕೂರತೊಡಗಿದರು. ಬುವಾ ಮೊದಮೊದಲು ಹಾಗೇನೂ ಇಲ್ಲ ಎಂದರು. ಆಮೇಲೆ ಏನೂ ಅನ್ನುವುದನ್ನು ಬಿಟ್ಟರು. ಇನ್ನೂ ಸ್ವಲ್ಪ ದಿನಕ್ಕೆ, ಏನೋ ಒಂದು ಹೊಳಪು ಕಂಡ ಹಾಗಾಗಿತ್ತು ಎಂದರಂತೆ.

ನನಗೆ ಮೈಯೆಲ್ಲ ಉರಿಯಿತು. ರೊಟ್ಟಿ ಸುಡುವವನ ಅಂಗಡಿಯ ಮುಂದೆ ನಿಂತವರಿಗೆಲ್ಲ ಕೇಳಿಸುವ ಹಾಗೆ, ಹೊಳಪೂ ಇಲ್ಲ ಏನೂ ಇಲ್ಲ, ಅದು ನಮ್ಮ ಮನೆ ಕಟಕಟೆಯ ಸಿಬಿರು ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅಂತೂ ಒಬ್ಬರಾದರೂ ಕೇಳಿಸಿಕೊಂಡರಲ್ಲ ಎಂದು ಖುಷಿಪಟ್ಟೆ. ಒಬ್ಬಾಕೆ ಮೆಲ್ಲಗೆ ಹತ್ತಿರ ಬಂದು, ಅದು ಯಾವ ಮರದ್ದು ಎಂದು ಕೇಳಿದಳು. ಸಂಜೆ ಮನೆಗೆ ಬಂದರೆ ಇಬ್ಬರು ಹೆಂಗಸರು ಕೋಸಿಮನ ಕಟಕಟೆಯಿಂದ ಸಿಬಿರು ಕೀಳುತ್ತಿದ್ದರು. ಮಗಳ ತಲೆದಿಂಬಿನ ಕೆಳಗೆ ಇಡುವುದಕ್ಕಂತೆ. ಕೋಸಿಮ್ ಬೇಡವೆನ್ನಲಾಗದೆ ಅವರಿಗೆ ಚಾಕು ತಂದುಕೊಟ್ಟಿದ್ದ.

ಆ ರಾತ್ರಿ ಊಟಕ್ಕೆ ಕೂತಾಗ ಮಸ್ತುರಾ ನನ್ನ ಪಕ್ಕಕ್ಕೆ ಬಂದು ಕೂತಳು.

“ಅತ್ತೆ, ನೀವು ಎಲ್ರನ್ನೂ ಯಾಕೆ ಯಾಕೆ ಅಂತ ಕೇಳ್ತಾ ಹೋದ್ರಿ. ಅವ್ರಿಗೇ ಗೊತ್ತಿಲ್ದಿದ್ದನ್ನ ಅವ್ರು ಹೇಗೆ ಹೇಳ್ತಾರೆ? ಇಲ್ನೋಡಿ,” ಎಂದು ಪಿಸುಗುಟ್ಟಿದಳು.

ಚಮಚ ಕೆಳಗಿಟ್ಟು ಎದೆಯ ಮುಂದೆ ಅಂಗೈ ತೆರೆದಳು, ಅಷ್ಟೇ. ಬಾಯಲ್ಲಿ ಒಂದು ಮಾತೂ ಇಲ್ಲ. ಎದುರಿಗಿದ್ದ ಖಾಲಿದಾ ಚಮಚ ಇಟ್ಟು ಅಂಗೈ ತೆರೆದಳು. ಕೋಸಿಮ್ ಬಾಯಿಂದ ಇಳಿಬಿದ್ದ ಶಾವಿಗೆಯನ್ನು ಸೊರ್ರನೆ ಎಳೆದುಕೊಂಡು ಅಂಗೈ ತೆರೆದ. ಯಾರು ಹರಸುತ್ತಾರೋ ಎಂದು ಇಬ್ಬರೂ ಕಾದರು. ಮಸ್ತುರಾ ಕೈ ಇಳಿಸಿ ರೊಟ್ಟಿ ಮುರಿದುಕೊಂಡಳು. ಕೋಸಿಮ್ ಸ್ವಲ್ಪ ಹೊತ್ತು ನೋಡಿ, ತಾನೇ ಆಮೀನ್ ಎಂದು ಮುಖ ಸವರಿಕೊಂಡು ಊಟ ಮುಂದುವರಿಸಿದ.

ನನಗೆ ನಗು ತಡೆಯಲಾಗಲಿಲ್ಲ, ಎದ್ದು ಅಂಗಳಕ್ಕೆ ಹೋಗಿ ನಕ್ಕೆ. ಅವಳೂ ಹಿಂದೆಯೇ ಬಂದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ಆಗ ಹೊಳೆದು ನನ್ನ ನಗು ನಿಂತಿತು. ಮನೆಯವರ ಮುಂದೆ ಆಟ ಬೇರೆ. ಗಂಡಸರ ಪಂಕ್ತಿಯಲ್ಲಿ ಹುಡುಗಿ ಮೊದಲು ಅಂಗೈ ತೆರೆದಳೆಂದರೆ, ಯಾರೂ ತೆರೆಯದೆ ಸುಮ್ಮನೆ ನೋಡುತ್ತ ಕೂತುಬಿಟ್ಟರೆ, ಅವಳಿಗೆ ನಾಚಿಕೆಗೆಟ್ಟವಳೆಂಬ ಹೆಸರು, ಮೇಲೆ ಅದೇ ಮದುವೆ. ಬೇಡ ಎಂದೆ.

“ಕೈ ಏಳುತ್ತೆ ಅತ್ತೆ, ಅದು ನಂಗೊತ್ತು. ಅಪ್ಪನ ಬಾಯಿ ತೆರೆಯುತ್ತಾ ಅನ್ನೋದೊಂದೇ ಗೊತ್ತಿಲ್ಲ,” ಎಂದಳು.

ಮದುವೆಗೆ ಮುಂಚೆ ನಮ್ಮಲ್ಲಿ ಸಮಾಲೋಚನೆಯ ಪಲಾವ್ ಎಂದು ಒಂದುಂಟು. ಎರಡೂ ಕಡೆಯ ಗಂಡಸರು ಹೆಣ್ಣಿನ ಮನೆಯಲ್ಲಿ ಸೇರಿ, ಮದುವೆ ಯಾವಾಗ, ಹೇಗೆ ಎಂದು ಸಮಾಲೋಚಿಸುತ್ತಾರೆಂದು ಹೆಸರು. ಪಲಾವ್ ಇರುತ್ತದೆ, ಸಮಾಲೋಚನೆಯನ್ನು ನಾನಂತೂ ಈವರೆಗೆ ಕಂಡಿಲ್ಲ. ಯಾರೋ ಒಬ್ಬರು ದಿನ ಹೇಳುತ್ತಾರೆ, ಉಳಿದವರು ಬೆರಳು ನೆಕ್ಕುತ್ತ ತಲೆಯಾಡಿಸುತ್ತಾರೆ, ಹಿರಿಯರು ಅಂಗೈ ತೆರೆಯುತ್ತಾರೆ.

ಅಂದೂ ಹಾಗೆಯೇ ಆಯಿತು. ಮೊದಲ ಸಲ ಬಂದವರೇ ಈ ಸಲವೂ ಬಂದಿದ್ದರು. ಪಲಾವ್ ತಳ ಕಂಡ ಮೇಲೆ ನಬೀಜಾನ್ ಗಂಟಲು ಸರಿಮಾಡಿಕೊಂಡು, ಹತ್ತಿ ಬಿಡಿಸುವ ಮುಂಚೆ ಮದುವೆ ಮುಗಿಸಿಬಿಡೋಣ ಎಂದ. ಎಲ್ಲರೂ ತಲೆಯಾಡಿಸಿದರು. ಕೋಸಿಮನೂ ಆಡಿಸಿದ. ಯೋಕುಬ್ ಅಂಗಡಿಯಲ್ಲಿ ಗಿರಾಕಿಯನ್ನು ಕೂರಿಸಿ ಬಂದಿದ್ದ, ಬಾಗಿಲ ಕಡೆಗೇ ನೋಡುತ್ತಿದ್ದ. ಬುವಾ ಬೆರಳಿನ ಜಿಡ್ಡು ಒರೆಸಿಕೊಳ್ಳುತ್ತಿದ್ದರು. ಇನ್ನೇನು ಆ ಕೈ ತೆರೆದುಕೊಳ್ಳಬೇಕು, ಮಸ್ತುರಾ ಚಹಾದ ಹೂಜಿ ಹಿಡಿದು ಜಗಲಿಗೆ ಹೋದಳು. ಹೂಜಿ ಇಟ್ಟಳು. ಹೋಗಲಿಲ್ಲ. ದಸ್ತರ್ಖಾನಿನ ಅಂಚಿನಲ್ಲಿ ಮೊಣಕಾಲೂರಿ ಕೂತು ಅಂಗೈ ತೆರೆದಳು.

ಯಾರೂ ಅಲುಗಾಡಲಿಲ್ಲ. ಅಷ್ಟರಲ್ಲಿ, ಅವನ ಆತುರಕ್ಕೆ ಅಲ್ಲಾಹು ಒಳ್ಳೆಯದು ಮಾಡಲಿ, ಯೋಕುಬನ ಕೈಗಳು ಮೇಲೆದ್ದವು. ಊಟ ಮುಗಿದಾಗಲೂ ಮಾಡುವ ಫಾತಿಹಾ ಎಂದುಕೊಂಡನೋ ಏನೋ. ಅವನ ಪಕ್ಕದವನದು ಎದ್ದಿತು, ಆಚೆಯವನದು ಎದ್ದಿತು. ನಬೀಜಾನ್ ಎರಡೂ ಕಡೆ ನೋಡಿ, ತಾನೊಬ್ಬನೇ ಉಳಿದೆನೆಂದು ಗಡಿಬಿಡಿಯಲ್ಲಿ ತೆರೆದ. ಕೋಸಿಮ್ ತೆರೆದ. ಎಲ್ಲರಿಗಿಂತ ಕೊನೆಗೆ ಬುವಾ, ಜಿಡ್ಡಿನ ಬೆರಳು ನೋಡುತ್ತಿದ್ದುದರಿಂದ ಶುರು ಮಾಡಿದವರು ಯಾರೆಂದು ತಿಳಿಯದೆ, ಎಲ್ಲರೂ ತೆರೆದ ಮೇಲೆ ತಾವು ತಡ ಮಾಡಿದ್ದಕ್ಕೆ ನಾಚಿದವರಂತೆ ತೆರೆದರು.

“ಅಪ್ಪ,” ಎಂದಳು ಮಸ್ತುರಾ. “ಆವತ್ತು ನಿಮ್ಮ ಮಾತು ಅರ್ಧಕ್ಕೇ ನಿಂತ್ಹೋಯ್ತು. ಈಗ ಪೂರ್ತಿ ಮಾಡಿ.”

ತೆರೆದ ಕೈಯನ್ನು ಆಮೀನ್ ಇಲ್ಲದೆ ಇಳಿಸುವವರು ನಮ್ಮಲ್ಲಿಲ್ಲ. ಮಾತು ಮುಗಿಯದೆ ಹಿರಿಯರು ಹರಸುವ ಹಾಗೂ ಇಲ್ಲ. ಎಲ್ಲರ ಕಣ್ಣೂ ಕೋಸಿಮನ ಮೇಲೆ. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

“ನಬೀಜಾನ್ ಅಣ್ಣ, ನಿಮ್ಮಂಥ ಮನೆತನ ಸಿಗೋಕೆ ನಸೀಬಿರ್ಬೇಕು…”

ಇವನು ಮತ್ತೆ ಮೊದಲಿನಿಂದ ಶುರು ಮಾಡಿದನಲ್ಲ ಎಂದು ನಾನು ತಲೆವಸ್ತ್ರದ ಅಂಚು ಕಚ್ಚಿಕೊಂಡೆ. ಹುಡುಗನನ್ನು ಹೊಗಳಿದ, ಅವನ ಅಪ್ಪನನ್ನು ಹೊಗಳಿದ. ಕೆಲವರ ಮೊಣಕೈ ಮೆಲ್ಲಗೆ ಮಂಡಿಗೆ ಇಳಿಯುತ್ತಿತ್ತು. ಅಜ್ಜನ ಹತ್ತಿರ ಬರುವಷ್ಟರಲ್ಲಿ ಯೋಕುಬನಿಗೆ ತಡೆಯಲಾಗಲಿಲ್ಲ.

“ಕೋಸಿಮಣ್ಣ, ಕೈ ಸೋಲ್ತಿದೆ. ಹೇಳೋದನ್ನ ಹೇಳಿ ಮುಗ್ಸಪ್ಪ.”

ಕೋಸಿಮ್ ಮಗಳ ಕಡೆ ನೋಡಿದ. ಅವಳು ಅವನನ್ನು ಕಣ್ಣಲ್ಲಿ ಬೇಡುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ತೆರೆದ ಅಂಗೈ ಹಿಡಿದು ಕಾಯುತ್ತಿದ್ದಳು.

“ಆದ್ರೆ,” ಎಂದ. ನನ್ನ ತಮ್ಮನ ಬಾಯಿಂದ ಆ ಪದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಆದ್ರೆ ನನ್ನ ಮಗಳಿಗೆ ಈ ಸಂಬಂಧ ಬೇಡ. ಆವತ್ತೂ ಇದನ್ನೇ ಹೇಳೋಕೆ ಕೂತಿದ್ದೆ. ನಂಗೂ ಬೇಡ.”

ಬುವಾ ಒಮ್ಮೆ ಸುತ್ತಲೂ ಕಣ್ಣಾಡಿಸಿದರು. ಎಲ್ಲರ ಕೈಯೂ ತೆರೆದೇ ಇತ್ತು, ಎಲ್ಲರೂ ತಮ್ಮನ್ನೇ ನೋಡುತ್ತಿದ್ದರು. ಅಷ್ಟು ಅಂಗೈಗಳನ್ನು ಖಾಲಿ ಕಳಿಸುವುದು ಆ ಮನುಷ್ಯನಿಂದ ಆಗುವ ಮಾತಲ್ಲ.

“ಇಬ್ರು ಮಕ್ಕಳಿಗೂ ಅವರವರ ಬಾಗ್ಲು ಬೇರೆ ಬೇರೆ ತೆರೀಲಿ,” ಎಂದು ಹರಸಿದರು. “ಯಾರ ಮನಸ್ಸಲ್ಲೂ ಕಹಿ ಉಳೀದೇ ಇರ್ಲಿ.”

ಆಮೀನ್ ಎಂದರು ಎಲ್ಲರೂ. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ನಬೀಜಾನನ ದನಿ. ಮುಖ ಸವರಿಕೊಂಡ ಕೈ ಗಡ್ಡದವರೆಗೆ ಇಳಿದ ಮೇಲೆ ಅವನಿಗೆ ಎಚ್ಚರವಾಯಿತು. ಗಡ್ಡ ಹಿಡಿದುಕೊಂಡೇ ಬುವಾನ ಕಡೆ ತಿರುಗಿದ.

“ಬುವಾ, ಇದೇನ್ ಮಾಡಿದ್ರಿ ನೀವು?”

“ನಾನೇನ್ ಮಾಡ್ದೆ? ನೀವೆಲ್ಲ ಆಮೀನ್ ಅಂದ್ರಲ್ಲ,” ಎಂದರು ಬುವಾ.

ಆದ ಫಾತಿಹಾವನ್ನು ಹಿಂದಕ್ಕೆ ತೆಗೆದುಕೊಂಡ ಪದ್ಧತಿ ಎಲ್ಲೂ ಇಲ್ಲ ಎಂದು ನಬೀಜಾನ್ ಕೂಗಾಡಿದ. ಇಲ್ಲವೇ ಇಲ್ಲ ಎಂದು ಎಲ್ಲರೂ ಒಪ್ಪಿದರು. ಅದಕ್ಕೇ ಈಗ ಆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು ಎಂದು ಯಾರೋ ಹೇಳಿದರು, ಅದನ್ನೂ ಎಲ್ಲರೂ ಒಪ್ಪಿದರು. ಅವನು ತನ್ನ ಕಡೆಯವರನ್ನು ಕರೆದುಕೊಂಡು ಹೊರಟುಹೋದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಯೋಕುಬ್ ಪಕ್ಕದವನ ಕಿವಿಯಲ್ಲಿ, ಬುವಾ ಆವತ್ತು ಅಂಗೈಯಲ್ಲಿ ನೋಡಿದ್ದು ಇದನ್ನೇ ಇರಬೇಕು, ಮೊದಲೇ ಹೇಳಬಾರದೆಂದು ಸುಮ್ಮನಿದ್ದರು ಎಂದ. ಕಿವಿಯಲ್ಲಿ ಹೇಳಿದ್ದು ಜಗಲಿಗೆಲ್ಲ ಕೇಳಿಸಿತು. ಬುವಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ; ದಿಂಬಿಗೆ ಒರಗಿ ಗಡ್ಡ ನೀವಿಕೊಂಡರು.

ನಾನು ಪರದೆ ಸರಿಸಿ ಹೊರಗೆ ಬಂದೆ. ಅಳು ಬಂದುಬಿಟ್ಟಿತ್ತು, ಮುಚ್ಚಿಟ್ಟುಕೊಳ್ಳಲಿಲ್ಲ. ಕೋಸಿಮ್ ಕೂತಲ್ಲೇ ಕೂತಿದ್ದ. ಮಸ್ತುರಾ ಹೂಜಿ ಎತ್ತಿಕೊಂಡಳು. ಮೊದಲ ಬಟ್ಟಲು ಹಿರಿಯರಿಗೆ ಸಲ್ಲಬೇಕು, ಮೊಹಲ್ಲಾದ ಮಗುವಿಗೂ ಇದು ಗೊತ್ತು. ಬುವಾ ತಮ್ಮ ಬಟ್ಟಲು ಚಾಚಿದ್ದರು. ಅವಳು ಬಟ್ಟಲು ತುಂಬಿ ಅಪ್ಪನ ಮುಂದೆ ಹಿಡಿದಳು. ಕೋಸಿಮ್ ರೂಢಿಯಂತೆ ಅದನ್ನು ಬುವಾನ ಕಡೆಗೆ ದಾಟಿಸಲು ಹೋದ.

“ಅದು ನಿಮ್ಗೆ ಅಪ್ಪ,” ಎಂದಳು.

ಅವನು ಕುಡಿದ. ಬಟ್ಟಲು ಹಲ್ಲಿಗೆ ತಾಗಿ ಸದ್ದಾಯಿತು, ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು, ಆದರೂ ತಳದವರೆಗೆ ಕುಡಿದ. ಅವಳು ಇನ್ನೊಂದು ಬಟ್ಟಲು ತುಂಬಿ ಅವನಿಗೇ ಕೊಟ್ಟಳು. ಬುವಾ ಖಾಲಿ ಬಟ್ಟಲು ಹಿಡಿದುಕೊಂಡು ತಮ್ಮ ಸರದಿಗೆ ಕಾದರು.